ಹದಿನಾಲ್ಕು ವಾರಸುದಾರರು, ಒಂದು ಕಂಪನಿ: ಬ್ಯಾಲಂಚೀನ್ ಉಯಿಲಿನ ಪ್ರಕರಣ

1983ರ ಏಪ್ರಿಲ್ 30, ಶನಿವಾರ. ನ್ಯೂಯಾರ್ಕಿನ ಆಸ್ಪತ್ರೆಯೊಂದರಲ್ಲಿ ಬ್ಯಾಲೆ ನೃತ್ಯ ಸಂಯೋಜಕ ಜಾರ್ಜ್ ಬ್ಯಾಲಂಚೀನ್ ತೀರಿಕೊಂಡರು. ವಯಸ್ಸು 79. ಅವರು ಕಟ್ಟಿ ಬೆಳೆಸಿದ ನ್ಯೂಯಾರ್ಕ್ ಸಿಟಿ ಬ್ಯಾಲೆ ಕಂಪನಿ ಅವತ್ತಿನ ಪ್ರದರ್ಶನ ನಿಲ್ಲಿಸಲಿಲ್ಲ. ಜೊತೆಗಾರ ಲಿಂಕನ್ ಕರ್ಸ್ಟೀನ್ ಪರದೆಯ ಮುಂದೆ ಬಂದು, ಮಿಸ್ಟರ್ ಬಿ ಈಗ ಮೊಟ್ಸಾರ್ಟ್, ಚೈಕೋವ್‌ಸ್ಕಿ, ಸ್ಟ್ರಾವಿನ್‌ಸ್ಕಿ ಜೊತೆ ಇದ್ದಾರೆ ಎಂದರು. ನೃತ್ಯ ಶುರುವಾಯಿತು.

ಅವತ್ತು ಕುಣಿದವರಿಗೆ, ಟಿಕೆಟ್ ಮಾರಿದವರಿಗೆ, ಕಂಪನಿ ನಡೆಸುವ ಮಂಡಳಿಗೆ ಒಂದು ವಿಷಯದಲ್ಲಿ ಅನುಮಾನವೇ ಇರಲಿಲ್ಲ. ಈ ಬ್ಯಾಲೆಗಳು ಕಂಪನಿಯವು. ಇನ್ನ್ಯಾರದ್ದು ಆಗೋಕೆ ಸಾಧ್ಯ? ಇಲ್ಲೇ ಹುಟ್ಟಿದವು, ಇಲ್ಲಿನ ದುಡ್ಡಿನಲ್ಲಿ ಬೆಳೆದವು, ಇಲ್ಲಿನ ಕಲಾವಿದರ ಮೈಯಲ್ಲೇ ಇವೆ.

ಆದರೆ ಉಯಿಲು ಬೇರೆ ಹೇಳುತ್ತಿತ್ತು. ಬ್ಯಾಲಂಚೀನ್ ತಮ್ಮ ಬ್ಯಾಲೆಗಳನ್ನು ಹದಿನಾಲ್ಕು ಜನರಿಗೆ ಹಂಚಿದ್ದರು. ಕಂಪನಿಗೆ ಒಂದನ್ನೂ ಬಿಟ್ಟಿರಲಿಲ್ಲ.

ಇಪ್ಪತ್ತನೇ ಶತಮಾನದ ಬ್ಯಾಲೆಯ ದಿಕ್ಕು ಬದಲಿಸಿದ ಮನುಷ್ಯ ಅಂತ ಅವರ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ನನಗೆ ಕುತೂಹಲ ಇರುವುದು ಅವರು ಸತ್ತ ನಂತರದ ನಾಲ್ಕೈದು ವರ್ಷಗಳ ಬಗ್ಗೆ. ಆ ಹಂಚಿಕೆ ಓದಿದರೆ ಎಲ್ಲವೂ ಚೆಲ್ಲಾಪಿಲ್ಲಿ ಆಗಬೇಕಿತ್ತು ಅನಿಸುತ್ತದೆ. ಆಗಲಿಲ್ಲ. ಯಾಕೆ ಆಗಲಿಲ್ಲ ಎನ್ನುವುದೇ ಈ ಪ್ರಕರಣ.

ಸೇಂಟ್ ಪೀಟರ್ಸ್‌ಬರ್ಗ್‌ನಿಂದ ನ್ಯೂಯಾರ್ಕಿಗೆ

ಹುಟ್ಟಿದ್ದು 1904ರ ಜನವರಿ 22ರಂದು, ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ. ಹೆಸರು ಗಿಯೋರ್ಗಿ ಬಲಂಚಿವಾಡ್ಜೆ. ತಂದೆ ಮೆಲಿಟಾನ್ ಜಾರ್ಜಿಯಾದ ಸಂಗೀತ ರಚನಕಾರರು. ತಮ್ಮ ಆಂಡ್ರೇ ಮುಂದೆ ಅದೇ ದಾರಿ ಹಿಡಿದರು. ಗಿಯೋರ್ಗಿಯನ್ನು 1913ರಲ್ಲಿ ಚಕ್ರವರ್ತಿಯ ನೃತ್ಯಶಾಲೆಗೆ ಸೇರಿಸಿದರು. ಕ್ರಾಂತಿ, ಹಸಿವು, ಚಳಿ ಎಲ್ಲವನ್ನೂ ಕಂಡು 1921ರಲ್ಲಿ ಅಲ್ಲಿಂದ ಹೊರಬಂದರು. 1924ರಲ್ಲಿ ಪುಟ್ಟ ತಂಡವೊಂದರ ಜೊತೆ ಯುರೋಪ್ ಪ್ರವಾಸಕ್ಕೆ ಹೋದವರು ಸೋವಿಯತ್ ದೇಶಕ್ಕೆ ವಾಪಸ್ ಹೋಗಲಿಲ್ಲ. ರಷ್ಯನ್ ಬ್ಯಾಲೆ ಸಂಘಟಕ ಡಿಯಾಗಿಲೆವ್ ಅವರ 'ಬ್ಯಾಲೆ ರೂಸ್' ತಂಡಕ್ಕೆ ನೃತ್ಯ ಸಂಯೋಜಕರಾದರು. ಹೆಸರನ್ನು 'ಬ್ಯಾಲಂಚೀನ್' ಅಂತ ಚಿಕ್ಕದು ಮಾಡಿದ್ದೂ ಡಿಯಾಗಿಲೆವ್ ಅವರೇ. ಸ್ಟ್ರಾವಿನ್‌ಸ್ಕಿ ಸಂಗೀತಕ್ಕೆ 1928ರಲ್ಲಿ ಮಾಡಿದ 'ಅಪೊಲೊ' ಅವರನ್ನು ದೊಡ್ಡವರ ಸಾಲಿಗೆ ತಂದಿತು. ಮರುವರ್ಷ ಡಿಯಾಗಿಲೆವ್ ವೆನಿಸ್‌ನಲ್ಲಿ ತೀರಿಕೊಂಡರು. ತಂಡ ಒಡೆಯಿತು.

ಡಿಯಾಗಿಲೆವ್ ಹೋದಮೇಲೆ ಆ ತಂಡದ ಎಷ್ಟೋ ಬ್ಯಾಲೆಗಳು ಕಳೆದೇ ಹೋದವು. ಬ್ಯಾಲಂಚೀನ್ ಸ್ವತಃ ಮಾಡಿದ್ದ ಕೆಲವು ಕೂಡ. ಇದನ್ನು ಕಣ್ಣಾರೆ ಕಂಡವರು ಮುಂದೆ ತಮ್ಮ ಕೃತಿಗಳ ಬಗ್ಗೆ ಹುಷಾರಾಗಿರಬೇಕಿತ್ತು ಅಲ್ವಾ? ಅವರು ತದ್ವಿರುದ್ಧ. ಬ್ಯಾಲೆ ಎನ್ನುವುದು ಇವತ್ತಿನದು, ನಾಳೆ ಬೇರೆಯವರು ಬೇರೇನೋ ಮಾಡುತ್ತಾರೆ ಎನ್ನುವುದು ಅವರ ಮಾತಿನ ಧಾಟಿಯಾಗಿತ್ತು.

ಕರ್ಸ್ಟೀನ್ ಎಂಬ ಹಣವಂತ ಅಮೆರಿಕನ್ ಯುವಕ 1933ರಲ್ಲಿ ಅವರನ್ನು ಲಂಡನ್‌ನಲ್ಲಿ ಭೇಟಿಯಾದರು. ಅಮೆರಿಕಕ್ಕೆ ಬಂದು ಕಂಪನಿ ಕಟ್ಟಿ ಎಂದರು. ಮೊದಲು ಶಾಲೆ ಬೇಕು ಎಂದು ಬ್ಯಾಲಂಚೀನ್ ಪಟ್ಟು ಹಿಡಿದರು. 1934ರ ಜನವರಿ 2ರಂದು ನ್ಯೂಯಾರ್ಕಿನಲ್ಲಿ 'ಸ್ಕೂಲ್ ಆಫ್ ಅಮೆರಿಕನ್ ಬ್ಯಾಲೆ' ಶುರುವಾಯಿತು. ಗಟ್ಟಿಯಾಗಿ ನಿಲ್ಲುವ ಕಂಪನಿ ಆಗಲು ಮುಂದೆ ಇನ್ನೂ ಹದಿನಾಲ್ಕು ವರ್ಷ ಹಿಡಿಯಿತು. ನಡುವೆ ಬ್ರಾಡ್‌ವೇ, ಹಾಲಿವುಡ್, ಕೊನೆಗೆ ಸರ್ಕಸ್ಸಿನ ಆನೆಗಳಿಗೂ ನೃತ್ಯ ಸಂಯೋಜಿಸಿದರು. ಆನೆಗಳದ್ದು ತಮಾಷೆಯ ಮಾತಲ್ಲ. 1942ರಲ್ಲಿ ಐವತ್ತು ಆನೆಗಳು ಸ್ಟ್ರಾವಿನ್‌ಸ್ಕಿಯ ಪೋಲ್ಕಾಗೆ ಹೆಜ್ಜೆ ಹಾಕಿದವು. 1948ರ ಅಕ್ಟೋಬರ್ 11ರಂದು ನ್ಯೂಯಾರ್ಕ್ ಸಿಟಿ ಬ್ಯಾಲೆಯ ಮೊದಲ ಪ್ರದರ್ಶನ. ಅಲ್ಲಿಂದ ಸಾಯುವವರೆಗೆ ಅದೇ ಅವರ ಮನೆ. ಒಟ್ಟು ನಾನೂರಕ್ಕೂ ಹೆಚ್ಚು ನೃತ್ಯಗಳು. ಆದರೂ ತಮ್ಮನ್ನು 'ಬ್ಯಾಲೆ ಮಾಸ್ಟರ್' ಎಂದಷ್ಟೇ ಕರೆದುಕೊಳ್ಳುತ್ತಿದ್ದರು.

ಯಾರಿಗಾಗಿ ಮಾಡಿದ್ದು, ಯಾರ ಮೇಲೆ ಮಾಡಿದ್ದು

ಉಯಿಲು ಅರ್ಥವಾಗಬೇಕಾದರೆ ಅವರ ಕೆಲಸದ ರೀತಿ ಗೊತ್ತಿರಬೇಕು. 1934ರಲ್ಲಿ ಶಾಲೆಯ ಮಕ್ಕಳಿಗೆ ರಂಗದ ಪಾಠ ಹೇಳಲು 'ಸೆರನೇಡ್' ಕಟ್ಟಿದರು. ಮೊದಲ ದಿನ ಹದಿನೇಳು ಹುಡುಗಿಯರು ಬಂದಿದ್ದರು. ಹದಿನೇಳನ್ನು ಸಮನಾಗಿ ಸಾಲು ಮಾಡಲು ಬರುವುದಿಲ್ಲ. ಅದಕ್ಕೇ ಅವರನ್ನು ಅಡ್ಡ ಸಾಲುಗಳಲ್ಲಿ ನಿಲ್ಲಿಸಿದರು. ಇನ್ನೊಂದು ದಿನ ಒಂಬತ್ತೇ ಜನ, ಮತ್ತೊಂದು ದಿನ ಆರೇ. ಬಂದಷ್ಟು ಜನರಿಗೆ ಅವತ್ತಿನ ಭಾಗ. ಒಬ್ಬಳು ತಡವಾಗಿ ಓಡಿ ಬಂದಳು, ಅದು ನೃತ್ಯದೊಳಗೆ ಸೇರಿತು. ಒಬ್ಬಳು ಬಿದ್ದು ಅತ್ತಳು, ಅದೂ ಸೇರಿತು. ಇವತ್ತು ಜಗತ್ತಿನ ಯಾವ ಮೂಲೆಯಲ್ಲಿ 'ಸೆರನೇಡ್' ಆಡಿದರೂ ಪರದೆ ಎದ್ದಾಗ ಹದಿನೇಳು ಜನ ಅದೇ ಅಡ್ಡ ಸಾಲುಗಳಲ್ಲಿ ನಿಂತಿರುತ್ತಾರೆ. ತೊಂಬತ್ತು ವರ್ಷದ ಹಿಂದೆ ಒಂದು ಸಂಜೆ ಕ್ಲಾಸಿಗೆ ಎಷ್ಟು ಜನ ಬಂದಿದ್ದರು ಎನ್ನುವ ಲೆಕ್ಕ ಅದು.

ಅವರ ಬ್ಯಾಲೆಗಳಲ್ಲಿ ಹೆಚ್ಚಿನವಕ್ಕೆ ಕಥೆ ಇಲ್ಲ. ರಾಜಕುಮಾರಿ ಇಲ್ಲ, ಶಾಪ ಇಲ್ಲ. ಸಂಗೀತ ಇದೆ, ಮೈ ಇದೆ, ವೇಗ ಇದೆ. ಎಷ್ಟೋ ಸಲ ವೇಷವೂ ಇಲ್ಲ, ರಿಹರ್ಸಲ್ ಬಟ್ಟೆಯಲ್ಲೇ ಪ್ರದರ್ಶನ. ಕಥೆ ಇಲ್ಲದಿದ್ದಾಗ ಉಳಿಯುವುದು ಕುಣಿಯುವ ವ್ಯಕ್ತಿ. 1957ರ 'ಅಗಾನ್'ನ ಜೋಡಿ ನೃತ್ಯವನ್ನು ಡಯಾನಾ ಆಡಮ್ಸ್ ಮತ್ತು ಆರ್ಥರ್ ಮಿಚೆಲ್ ಅವರಿಗೆಂದೇ ಕಟ್ಟಿದರು. ಒಬ್ಬರು ಬಿಳಿಯ ಹೆಂಗಸು, ಇನ್ನೊಬ್ಬರು ಕಪ್ಪು ಗಂಡಸು. ಆ ಕಾಲದ ಅಮೆರಿಕದಲ್ಲಿ ಅವರಿಬ್ಬರನ್ನು ಹಾಗೆ ಹತ್ತಿರ ತಂದು ನಿಲ್ಲಿಸಿದ್ದೇ ದೊಡ್ಡ ಸಂಗತಿ. ಬೇರೆ ಕಲಾವಿದರು ಬಂದಾಗ ಹೆಜ್ಜೆಗಳನ್ನೂ ಬದಲಿಸುತ್ತಿದ್ದರು. 1979ರಲ್ಲಿ ಹೆಸರಾಂತ ನರ್ತಕ ಬರಿಶ್ನಿಕೋವ್ 'ಅಪೊಲೊ' ಕುಣಿಯುವಾಗ ಹುಟ್ಟಿನ ದೃಶ್ಯವನ್ನೂ ಕೊನೆಯಲ್ಲಿ ಮೆಟ್ಟಿಲು ಹತ್ತುವುದನ್ನೂ ಕತ್ತರಿಸಿ ಹಾಕಿದರು. ಐವತ್ತು ವರ್ಷ ಹಳೆಯ, ಎಲ್ಲರೂ ಮೆಚ್ಚಿದ ಕೃತಿ! ನೋಡಿದವರು ಸಿಟ್ಟಾದರು. ಬ್ಯಾಲಂಚೀನ್ ಕೇಳಲಿಲ್ಲ.

ಹಾಗಾಗಿ ಬ್ಯಾಲೆ ಅವರಿಗೆ ಆಸ್ತಿಯಾಗಿ ಕಾಣಲೇ ಇಲ್ಲ. ಹೆಣ್ಣು ಕಲಾವಿದರಿಗೆ ಸುಗಂಧದ್ರವ್ಯ ಕೊಡುತ್ತಿದ್ದ ಮನುಷ್ಯ, ಬ್ಯಾಲೆಯನ್ನೂ ಅದೇ ರೀತಿ ಕೊಟ್ಟರು ಅನಿಸುತ್ತದೆ.

ಉಯಿಲು

1978ರಲ್ಲಿ ಹೃದಯಾಘಾತವಾಯಿತು. ಅದೇ ವರ್ಷ ಉಯಿಲು ಬರೆಸಿದರು. ಅದಕ್ಕೂ ಅವರನ್ನು ಒಪ್ಪಿಸಬೇಕಾಯಿತು. ಒಪ್ಪಿಸಿದವರಲ್ಲಿ ಮುಖ್ಯರು ಬಾರ್ಬರಾ ಹೋರ್ಗನ್. ವರ್ಷಗಟ್ಟಲೆ ಅವರ ಆಪ್ತ ಸಹಾಯಕಿಯಾಗಿದ್ದವರು. ಉಯಿಲು ಇಲ್ಲದಿದ್ದರೆ ಎಲ್ಲವೂ ಕಾನೂನಿನಂತೆ ಹತ್ತಿರದ ರಕ್ತಸಂಬಂಧಿಗೆ, ಅಂದರೆ ಸೋವಿಯತ್ ಜಾರ್ಜಿಯಾದಲ್ಲಿದ್ದ ತಮ್ಮನಿಗೆ ಹೋಗುತ್ತದೆ ಎಂದು ತಿಳಿಸಿದಾಗ ಅವರು ಬೆಚ್ಚಿದರು. ತಮ್ಮನ ಮೇಲೆ ಕೋಪವಿರಲಿಲ್ಲ. ತಮ್ಮನ ಮೂಲಕ ಸೋವಿಯತ್ ಸರ್ಕಾರದ ಕೈಗೆ ಹೋಗುತ್ತದಲ್ಲ ಎನ್ನುವುದು ಚಿಂತೆ.

ಆಮೇಲೆ ಹಂಚಿಕೆ. ಕರ್ಸ್ಟೀನ್ ಅವರಿಗೆ 'ಕನ್ಚೆರ್ಟೊ ಬರೊಕ್ಕೊ' ಮತ್ತು 'ಆರ್ಫಿಯಸ್'. ಕಂಪನಿಯ ಆಡಳಿತದಲ್ಲಿದ್ದ ಎಡ್ವರ್ಡ್ ಬಿಗೆಲೊ ಅವರಿಗೆ 'ದ ಫೋರ್ ಟೆಂಪರಮೆಂಟ್ಸ್'. ಅದೇ ಆಡಳಿತದ ಬೆಟ್ಟಿ ಕೇಜ್ ಅವರಿಗೆ 'ಸಿಂಫನಿ ಇನ್ ಸಿ'. ಬ್ಯಾಲಂಚೀನ್ ಬದುಕಿನ ಕೊನೆಯ ದೊಡ್ಡ ಪ್ರೇರಣೆಯಾದ ನರ್ತಕಿ ಸುಝಾನ್ ಫ್ಯಾರೆಲ್ ಅವರಿಗೆ 'ಡಾನ್ ಕಿಹೋಟೆ', 'ಮೆಡಿಟೇಶನ್', 'ಟ್ಸಿಗಾನ್'. ಮೆರಿಲ್ ಆಶ್ಲಿ, ಕೇ ಮ್ಯಾಝೊ, ಪೆಟ್ರೀಶಿಯಾ ಮ್ಯಾಕ್‌ಬ್ರೈಡ್ ಅವರಿಗೆ ಅವರವರಿಗಾಗಿಯೇ ಮಾಡಿದ ನೃತ್ಯಗಳು. ರಿಹರ್ಸಲ್ ನಡೆಸುತ್ತಿದ್ದ ರೋಸ್‌ಮೇರಿ ಡನ್‌ಲೀವಿ ಅವರಿಗೂ ಒಂದು. 'ಸೆರನೇಡ್' ಹೋಗಿದ್ದು ಕೊನೆಯ ವರ್ಷಗಳ ಆಪ್ತ ಗೆಳತಿ, ಕಲಾವಿದೆ ಕರೀನ್ ಫಾನ್ ಅರೋಲ್ಡಿಂಗನ್ ಅವರಿಗೆ. ತಮ್ಮ ಆಂಡ್ರೇಗೆ ಎರಡು ಚಿನ್ನದ ಗಡಿಯಾರ.

ಹೆಸರು ಹೇಳದೆ ಉಳಿದ ಬ್ಯಾಲೆಗಳದ್ದು ದೊಡ್ಡ ಗಂಟು. ಅವುಗಳ ಅಮೆರಿಕದ ಪ್ರದರ್ಶನ ಹಕ್ಕು ನಾಲ್ಕನೇ ಹೆಂಡತಿಯಾಗಿದ್ದ ಟ್ಯಾನಕ್ವಿಲ್ ಲೆಕ್ಲೆರ್ಕ್ ಅವರಿಗೆ. ಇವರ ಕಥೆ ಒಂದೇ ಸಾಲಿನಲ್ಲಿ ಹೇಳಿ ಮುಗಿಸುವಂಥದ್ದಲ್ಲ. 1956ರಲ್ಲಿ ಯುರೋಪ್ ಪ್ರವಾಸದಲ್ಲಿದ್ದಾಗ ಕೋಪನ್‌ಹೇಗನ್‌ನಲ್ಲಿ ಪೋಲಿಯೊ ಬಡಿಯಿತು. ವಯಸ್ಸು 27. ಆಮೇಲೆ ಕಾಲು ಎದ್ದು ನಿಲ್ಲಲಿಲ್ಲ. ಬ್ಯಾಲಂಚೀನ್ ಕೆಲಸ ಬಿಟ್ಟು ತಿಂಗಳುಗಟ್ಟಲೆ ಶುಶ್ರೂಷೆ ಮಾಡಿದರು. ಮುಂದೆ ಫ್ಯಾರೆಲ್ ಮೇಲೆ ಮನಸ್ಸು ಹೋಗಿ 1969ರಲ್ಲಿ ವಿಚ್ಛೇದನ ಪಡೆದರು. ಅಷ್ಟರಲ್ಲಿ ಫ್ಯಾರೆಲ್ ಬೇರೊಬ್ಬ ಕಲಾವಿದನನ್ನು ಮದುವೆಯಾಗಿಬಿಟ್ಟರು, ಕಂಪನಿಯನ್ನೂ ಬಿಡಬೇಕಾಯಿತು, 1975ರಲ್ಲಿ ವಾಪಸ್ ಬಂದರು. ಉಯಿಲಿನಲ್ಲಿ ಇಬ್ಬರೂ ಇದ್ದಾರೆ. ಲೆಕ್ಲೆರ್ಕ್ ಅವರ ಪಾಲು ದೊಡ್ಡದು. ಗಾಲಿಕುರ್ಚಿಯಲ್ಲಿರುವ ಹೆಂಗಸಿಗೆ ಬದುಕಿರುವವರೆಗೆ ನಿಶ್ಚಿತ ಆದಾಯ ಬೇಕು ಎಂದು ಯೋಚಿಸಿದ್ದು ಸ್ಪಷ್ಟ. ಸುಮ್ನೆ ಪ್ರೀತಿಯ ಕಾಣಿಕೆ ಅಷ್ಟೇ ಅಂತ ಈ ಉಯಿಲನ್ನು ಓದುವವರು ಆ ಲೆಕ್ಕಾಚಾರವನ್ನು ಮರೆಯುತ್ತಾರೆ. ಹೊರದೇಶದ ಹಕ್ಕು ಮತ್ತು ಟಿವಿ, ಸಿನಿಮಾ ಹಕ್ಕುಗಳು ಹೋರ್ಗನ್ ಮತ್ತು ಅರೋಲ್ಡಿಂಗನ್ ಅವರಿಗೆ.

ಮಂಡಳಿಗೆ ಬಿದ್ದ ಪೆಟ್ಟು

ಕಂಪನಿಯ ಮಂಡಳಿಯ ಜಾಗದಲ್ಲಿ ನಿಂತು ನೋಡಿ. ಮೂವತ್ತೈದು ವರ್ಷ ಥಿಯೇಟರು, ಸಂಬಳ, ಆರ್ಕೆಸ್ಟ್ರಾ ಎಲ್ಲದಕ್ಕೂ ದುಡ್ಡು ಹೊಂದಿಸಿದ್ದು ಅವರು. ಈಗ ಪ್ರತಿ ಬ್ಯಾಲೆಗೂ ಯಾರದ್ದೋ ಮನೆ ಬಾಗಿಲು ತಟ್ಟಬೇಕು. ಆ 'ಯಾರೋ' ತಮ್ಮಲ್ಲೇ ಸಂಬಳ ತೆಗೆದುಕೊಳ್ಳುವ ಕಲಾವಿದರು, ಗುಮಾಸ್ತರು! ನೌಕರ ತನ್ನ ಕೆಲಸದ ಭಾಗವಾಗಿ ಮಾಡಿದ್ದು ಮಾಲೀಕನದ್ದು ಎನ್ನುವ ನಿಯಮ ಅಮೆರಿಕದ ಕಾಪಿರೈಟ್ ಕಾನೂನಿನಲ್ಲಿದೆ. ಅದನ್ನು ಹಿಡಿದು ಕೋರ್ಟಿಗೆ ಹೋಗಬಹುದಿತ್ತು.

ಹೋಗಿದ್ದರೆ ಏನಾಗುತ್ತಿತ್ತು? ಇನ್ನೊಬ್ಬ ದೊಡ್ಡ ನೃತ್ಯ ಸಂಯೋಜಕಿ ಮಾರ್ಥಾ ಗ್ರಹಾಂ ಅವರ ಕಥೆ ನೋಡಿದರೆ ಗೊತ್ತಾಗುತ್ತದೆ. ಅವರು 1991ರಲ್ಲಿ ತೀರಿಕೊಂಡರು. ಉಯಿಲಿನಲ್ಲಿ ಎಲ್ಲವನ್ನೂ ರಾನ್ ಪ್ರೋಟಾಸ್ ಎಂಬ ಆಪ್ತರಿಗೆ ಬಿಟ್ಟರು. ಪ್ರೋಟಾಸ್ ಮತ್ತು ಗ್ರಹಾಂ ಕಟ್ಟಿದ ಸಂಸ್ಥೆಯ ನಡುವೆ ಜಗಳ ಹತ್ತಿತು. ಪ್ರದರ್ಶನಗಳೇ ನಿಂತುಹೋದವು. 2002ರಲ್ಲಿ ನ್ಯೂಯಾರ್ಕಿನ ಕೋರ್ಟು ಹೇಳಿತು: ಗ್ರಹಾಂ ತಾವೇ ಕಟ್ಟಿದ ಸಂಸ್ಥೆಯ ನೌಕರರಾಗಿದ್ದರು, ಆದ್ದರಿಂದ ಬಹುಪಾಲು ನೃತ್ಯಗಳು ಸಂಸ್ಥೆಯವು. ವಿಚಾರಣೆಗೆ ಬಂದ ಎಪ್ಪತ್ತು ನೃತ್ಯಗಳಲ್ಲಿ ಪ್ರೋಟಾಸ್ ಕೈಗೆ ಬಂದಿದ್ದು ಒಂದೇ ಒಂದು. 2004ರ ಮೇಲ್ಮನವಿಯಲ್ಲೂ ತೀರ್ಪಿನ ಮುಖ್ಯ ಭಾಗ ಉಳಿಯಿತು. ಸ್ವಂತ ನೃತ್ಯ ಸ್ವಂತದ್ದಲ್ಲ ಅಂತ ಸತ್ತ ಹನ್ನೊಂದು ವರ್ಷದ ಮೇಲೆ ಹೇಳಿಸಿಕೊಂಡ ಹಾಗಾಯಿತು.

ಬ್ಯಾಲಂಚೀನ್ ವಿಷಯದಲ್ಲಿ ಆ ಪ್ರಶ್ನೆ ಕೋರ್ಟಿಗೆ ಹೋಗಲೇ ಇಲ್ಲ. ಮಂಡಳಿ ಮತ್ತು ವಾರಸುದಾರರ ನಡುವೆ ಮಾತುಕತೆ ನಡೆದು ಕಂಪನಿ ಲೈಸೆನ್ಸ್ ಒಪ್ಪಂದಕ್ಕೆ ಬಂತು. ತಮ್ಮ ಯಜಮಾನರೇ ಮಾಡಿದ ಬ್ಯಾಲೆ ಕುಣಿಯಲು ಅನುಮತಿ ಪಡೆದು ದುಡ್ಡು ಕೊಡುವುದನ್ನು ಒಪ್ಪಿಕೊಂಡಿತು. ನನ್ನ ಪ್ರಕಾರ ಇಡೀ ಪ್ರಕರಣದ ತಿರುವು ಇಲ್ಲಿದೆ. ಅದಕ್ಕೆ ದೊಡ್ಡ ಕಾರಣ, ಎರಡೂ ಕಡೆಯವರು ದಿನಾ ಅದೇ ಕಟ್ಟಡದಲ್ಲಿ ಮುಖಾಮುಖಿಯಾಗುವವರು. ಅರೋಲ್ಡಿಂಗನ್ ಸಂಜೆ ಅಲ್ಲೇ ಕುಣಿಯಬೇಕು, ಡನ್‌ಲೀವಿ ಬೆಳಗ್ಗೆ ಅಲ್ಲೇ ರಿಹರ್ಸಲ್ ಮಾಡಿಸಬೇಕು. ಗ್ರಹಾಂ ಪ್ರಕರಣದಲ್ಲಿ ಎಲ್ಲ ಹಕ್ಕೂ ಒಬ್ಬರ ಕೈಗೆ ಹೋಗಿತ್ತು, ಜಗಳಕ್ಕೆ ಒಬ್ಬ ಎದುರಾಳಿ ಸಿಕ್ಕಿದ್ದರು. ಇಲ್ಲಿ ಹದಿನಾಲ್ಕು ಜನ. ಯಾರೊಬ್ಬರೂ ಮಾಲೀಕರಾಗುವಷ್ಟು ದೊಡ್ಡವರಲ್ಲ.

ಗಾಳಿಯಲ್ಲಿ ನಿಂತ ಸಕ್ಕರೆ ಕಡ್ಡಿಗಳು

ಒಂದು ವಿಷಯ ಮಾತ್ರ ಕೋರ್ಟಿಗೆ ಹೋಯಿತು. ಅದು ಹೊರಗಿನವರ ಜೊತೆ.

ಬ್ಯಾಲಂಚೀನ್ 1954ರಲ್ಲಿ ಮಾಡಿದ 'ನಟ್‌ಕ್ರ್ಯಾಕರ್' ಪ್ರತಿ ಕ್ರಿಸ್‌ಮಸ್‌ಗೂ ಥಿಯೇಟರ್ ತುಂಬಿಸುವ ಬ್ಯಾಲೆ. ಮ್ಯಾಕ್‌ಮಿಲನ್ ಪ್ರಕಾಶನ ಅದರ ಮೇಲೆ ಎಳೆಯ ಓದುಗರಿಗೆಂದು ಒಂದು ಚಿತ್ರಪುಸ್ತಕ ತಯಾರಿಸಿತು. ಚಿತ್ರ ತೆಗೆದವರು ಕಂಪನಿಯ ಪ್ರಚಾರಕ್ಕೆಂದು ಫೋಟೋ ತೆಗೆಯಲು ಒಪ್ಪಿಗೆ ಪಡೆದಿದ್ದ ಛಾಯಾಗ್ರಾಹಕರು. ಉಯಿಲಿನ ನಿರ್ವಾಹಕರಾಗಿದ್ದ ಹೋರ್ಗನ್ ತಡೆ ಕೇಳಿದರು. ಕಂಪನಿಯ ಒಪ್ಪಿಗೆ ಸಾಲದು, ಬ್ಯಾಲೆಯ ಹಕ್ಕು ನಮ್ಮದು ಎನ್ನುವುದು ವಾದ.

ಇಲ್ಲಿ ಸ್ವಲ್ಪ ಕಾನೂನು ಬೇಕು. ಹಳೆಯ ಅಮೆರಿಕನ್ ಕಾಯಿದೆಯಲ್ಲಿ ನೃತ್ಯಕ್ಕೆ ಪ್ರತ್ಯೇಕ ಜಾಗವಿರಲಿಲ್ಲ. ಕಥೆ ಇದ್ದರೆ 'ನಾಟಕ' ಎಂದು ನೋಂದಾಯಿಸಬಹುದಿತ್ತು. ಕಥೆಯೇ ಇಲ್ಲದ ಬ್ಯಾಲಂಚೀನ್ ಬ್ಯಾಲೆಗಳಿಗೆ ಇದು ಕಷ್ಟದ ಬಾಗಿಲು. 1978ರ ಜನವರಿ 1ರಿಂದ ಜಾರಿಗೆ ಬಂದ ಹೊಸ ಕಾಯಿದೆ ನೃತ್ಯ ಸಂಯೋಜನೆಯನ್ನು ಹೆಸರು ಹೇಳಿ ಸೇರಿಸಿತು. ಷರತ್ತು ಒಂದೇ: ಬರಹದಲ್ಲೋ ಚಿತ್ರದಲ್ಲೋ ದಾಖಲಾಗಿರಬೇಕು. 'ನಟ್‌ಕ್ರ್ಯಾಕರ್' 1981ರ ಡಿಸೆಂಬರ್‌ನಲ್ಲಿ ನೋಂದಣಿಯಾಯಿತು. ರಿಹರ್ಸಲ್‌ನ ವಿಡಿಯೊ ಟೇಪನ್ನು ಜೊತೆಗೆ ಕೊಟ್ಟಿದ್ದರು.

ಕೆಳಗಿನ ಕೋರ್ಟಿನ ನ್ಯಾಯಾಧೀಶರು ತಡೆ ಕೊಡಲಿಲ್ಲ. ನೃತ್ಯ ಎಂದರೆ ಚಲನೆಯ ಹರಿವು, ಫೋಟೋ ಎಂದರೆ ನಿಂತ ಕ್ಷಣ, ಬೀಥೋವನ್ ಸಿಂಫನಿಯ ಪ್ರತಿ ಇಪ್ಪತ್ತೈದನೇ ಸ್ವರಮೇಳವನ್ನು ಮಾತ್ರ ಬರೆದಿಟ್ಟರೆ ಆ ಸಿಂಫನಿಯನ್ನು ಮತ್ತೆ ನುಡಿಸಲು ಬರುವುದಿಲ್ಲ ಎನ್ನುವುದು ಅವರ ತರ್ಕ. ಕೇಳಲು ಚೆನ್ನಾಗಿದೆ. 1986ರ ಏಪ್ರಿಲ್ 28ರಂದು ಮೇಲಿನ ಕೋರ್ಟು ಇದನ್ನು ಒಪ್ಪಲಿಲ್ಲ. ಪುಸ್ತಕದ ಎರಡು ಪುಟಗಳ ಒಂದು ಚಿತ್ರವನ್ನು ಎತ್ತಿ ತೋರಿಸಿತು. ಸಕ್ಕರೆ ಕಡ್ಡಿಗಳ (ಕ್ಯಾಂಡಿ ಕೇನ್ ಮಿಠಾಯಿಯ) ವೇಷದ ಕಲಾವಿದರು ನೆಲದಿಂದ ಒಂದಡಿ ಮೇಲೆ, ತಲೆಯ ಮೇಲೆ ದೊಡ್ಡ ಬಳೆ ಹಿಡಿದು ಗಾಳಿಯಲ್ಲಿದ್ದಾರೆ. ಒಬ್ಬರು ಬಳೆಯೊಳಗಿಂದ ಹಾರುತ್ತಿದ್ದಾರೆ. ನೋಡುವವರಿಗೆ ಗೊತ್ತು, ಒಂದು ಕ್ಷಣದ ಹಿಂದೆ ಇವರು ನೆಲದಲ್ಲಿದ್ದರು, ಇನ್ನೊಂದು ಕ್ಷಣಕ್ಕೆ ನೆಲಕ್ಕೆ ಬರುತ್ತಾರೆ. ಹಾಗಾದರೆ ಆ ಚಿತ್ರದಲ್ಲಿ ನೃತ್ಯದ ಒಂದು ತುಂಡು ಇದೆ. ಚಿತ್ರದಿಂದ ಇಡೀ ಬ್ಯಾಲೆಯನ್ನು ಮತ್ತೆ ಕಟ್ಟಲು ಬರಬೇಕಾಗಿಲ್ಲ. ಗಣನೀಯ ಭಾಗ ಹೋಲಿದರೂ ಉಲ್ಲಂಘನೆ ಆಗಬಹುದು.

ಪ್ರಕರಣ ಮರುಪರಿಶೀಲನೆಗೆ ಕೆಳಗೆ ಹೋಯಿತು, ಕೊನೆಗೆ ರಾಜಿಯಾಯಿತು. ಅಂತಿಮ ತೀರ್ಪು ಬರಲಿಲ್ಲ. ಆದರೂ ಸಂದೇಶ ಎಲ್ಲರಿಗೂ ಮುಟ್ಟಿತು. ಸತ್ತವರ ಬ್ಯಾಲೆಗೆ ಕಾವಲು ಇದೆ.

ಮತ್ತೆ ಒಂದೇ ಬುಟ್ಟಿಗೆ

1987ರಲ್ಲಿ ಹೋರ್ಗನ್ ಮತ್ತು ಅರೋಲ್ಡಿಂಗನ್ ತಮ್ಮ ಪಾಲನ್ನು ಸೇರಿಸಿ 'ಜಾರ್ಜ್ ಬ್ಯಾಲಂಚೀನ್ ಟ್ರಸ್ಟ್' ಮಾಡಿದರು. ಬಹುಪಾಲು ವಾರಸುದಾರರು ಲೈಸೆನ್ಸ್ ಕೊಡುವ ಕೆಲಸವನ್ನು ಅದಕ್ಕೇ ಒಪ್ಪಿಸಿದರು. ಹಕ್ಕು ನಿಮ್ಮದೇ, ದುಡ್ಡು ನಿಮಗೇ, ವ್ಯವಹಾರ ನಮ್ಮದು. ಎಲ್ಲರೂ ಒಂದೇ ರೀತಿ ನಡೆದುಕೊಳ್ಳಲಿಲ್ಲ. ಕರ್ಸ್ಟೀನ್ ಪಾಲಿನ 'ಕನ್ಚೆರ್ಟೊ ಬರೊಕ್ಕೊ' ಇವತ್ತು ಶಾಲೆಯ ಹೆಸರಲ್ಲಿದೆ. ಫ್ಯಾರೆಲ್ ತಮ್ಮವನ್ನು ತಾವೇ ನೋಡಿಕೊಂಡರು. 2005ರಲ್ಲಿ 'ಡಾನ್ ಕಿಹೋಟೆ'ಯನ್ನು ವಾಷಿಂಗ್ಟನ್‌ನಲ್ಲಿ ಮತ್ತೆ ಎಬ್ಬಿಸಿದ್ದು ಅವರೇ.

ಟ್ರಸ್ಟ್ ಕೆಲಸ ಮಾಡುವ ರೀತಿ ಹೀಗಿದೆ. ಯಾವುದೋ ಊರಿನ ಕಂಪನಿಯೊಂದು ಒಂದು ಬ್ಯಾಲೆ ಬೇಕು ಎಂದು ಕೇಳುತ್ತದೆ. ಅವರ ಕಲಾವಿದರಿಗೆ ಅದು ಸಾಧ್ಯವೇ ಎಂದು ಟ್ರಸ್ಟ್ ನೋಡುತ್ತದೆ. ಬೇಡ, ಇನ್ನೊಂದು ತೆಗೆದುಕೊಳ್ಳಿ ಎನ್ನುವುದೂ ಉಂಟು. ಒಪ್ಪಿದರೆ ಇಂತಿಷ್ಟು ಅವಧಿಗೆ ಲೈಸೆನ್ಸ್. ಜೊತೆಗೆ ಕಲಿಸಲು ಒಬ್ಬರನ್ನು ಕಳಿಸುತ್ತದೆ. ಹೀಗೆ ಹೋಗುವವರಲ್ಲಿ ಹೆಚ್ಚಿನವರು ಬ್ಯಾಲಂಚೀನ್ ಕೈಕೆಳಗೆ ಕುಣಿದವರು. ವೇಷ, ಬೆಳಕು ಎಲ್ಲಕ್ಕೂ ಒಪ್ಪಿಗೆ ಬೇಕು. ವಿಡಿಯೊ ನೋಡಿಕೊಂಡು ಕಲಿತುಬಿಡುತ್ತೇವೆ ಎನ್ನುವ ಹಾಗಿಲ್ಲ. ನಮ್ಮಲ್ಲಿ ಗುರುವಿನ ಮುಂದೆ ಕೂತು ಕಲಿಯುವ ಪದ್ಧತಿಗೆ ಇದು ಬಹಳ ಹತ್ತಿರ, ಒಂದೇ ವ್ಯತ್ಯಾಸ ಎಂದರೆ ಇಲ್ಲಿ ಒಪ್ಪಂದಪತ್ರ ಇದೆ.

1989ರಲ್ಲಿ ಲೆನಿನ್‌ಗ್ರಾಡ್‌ನ (ಸೇಂಟ್ ಪೀಟರ್ಸ್‌ಬರ್ಗ್‌ನ ಆಗಿನ ಹೆಸರು) ಕಿರೋವ್ ಬ್ಯಾಲೆ ಅವರ ಎರಡು ಕೃತಿಗಳನ್ನು ರಂಗಕ್ಕೆ ತಂದಿತು. ಕಲಿಸಲು ಹೋದವರು ಫ್ಯಾರೆಲ್ ಮತ್ತು ಫ್ರಾನ್ಸಿಯಾ ರಸೆಲ್. ಬ್ಯಾಲಂಚೀನ್ ಹುಡುಗನಾಗಿ ಕುಣಿದಿದ್ದ ಅದೇ ಥಿಯೇಟರಿಗೆ, ಅರವತ್ತೈದು ವರ್ಷದ ಮೇಲೆ, ಅವರ ಬ್ಯಾಲೆಗಳು ಲೈಸೆನ್ಸ್ ಹಿಡಿದು ಹೋದವು. ಬದುಕಿದ್ದಾಗ 1962ರಲ್ಲಿ ತಮ್ಮ ಕಂಪನಿ ಕಟ್ಟಿಕೊಂಡು ಸೋವಿಯತ್ ಪ್ರವಾಸ ಮಾಡಿದ್ದರು. ಕ್ಲಾಸಿಕಲ್ ಬ್ಯಾಲೆಯ ತವರಿಗೆ ಸ್ವಾಗತ ಎಂದವರಿಗೆ, ಅದರ ತವರು ಈಗ ಅಮೆರಿಕ ಎಂದು ಮುಖಕ್ಕೆ ಹೊಡೆದಂತೆ ಹೇಳಿದ್ದರಂತೆ.

ಇದರ ಜೊತೆ ಇನ್ನೊಂದು ಕೆಲಸ ನಡೆಯಿತು, ನನಗೆ ಅದೇ ಹೆಚ್ಚು ಇಷ್ಟ. ಟ್ರಸ್ಟ್‌ ಅಲ್ಲದ ಬೇರೆಯದೇ ಸಂಸ್ಥೆ 'ಬ್ಯಾಲಂಚೀನ್ ಫೌಂಡೇಶನ್' 1990ರ ದಶಕದಲ್ಲಿ ನ್ಯಾನ್ಸಿ ರೆನಾಲ್ಡ್ಸ್ ಅವರ ನೇತೃತ್ವದಲ್ಲಿ ವಿಡಿಯೊ ದಾಖಲೆ ಶುರು ಮಾಡಿತು. ಮೊದಲ ಪಾತ್ರ ಮಾಡಿದ ಹಿರಿಯ ಕಲಾವಿದರನ್ನು ಕರೆಸಿ, ಅವರು ಈಗಿನ ಎಳೆಯರಿಗೆ ಅದೇ ಪಾತ್ರ ಹೇಳಿಕೊಡುವುದನ್ನು ಚಿತ್ರೀಕರಿಸುವುದು. ಮರಿಯಾ ಟಾಲ್‌ಚೀಫ್ 'ಫೈರ್‌ಬರ್ಡ್' ಹೇಳಿಕೊಟ್ಟರು. ಅಲಿಶಿಯಾ ಮಾರ್ಕೋವಾ 1925ರಲ್ಲಿ ಹದಿನಾಲ್ಕರ ಹುಡುಗಿಯಾಗಿ ಕುಣಿದ, ಕಳೆದೇ ಹೋಗಿದ್ದ ನೃತ್ಯದ ತುಂಡುಗಳನ್ನು ನೆನಪಿನಿಂದ ಹೆಕ್ಕಿ ಕೊಟ್ಟರು.

ಉಡುಪಿಯ ಕೋರ್ಟಿನಲ್ಲಿ ಇದೇ ಪ್ರಶ್ನೆ

ಇದೆಲ್ಲ ನ್ಯೂಯಾರ್ಕಿನ ವಿಷಯ, ನಮಗೇನು ಅನ್ನುವವರಿಗೆ ಒಂದು ಮಾತು. ಭಾರತದ ಕಾಪಿರೈಟ್ ಕಾಯಿದೆ 1957ರಿಂದಲೇ ನೃತ್ಯ ಸಂಯೋಜನೆಯನ್ನು 'ನಾಟಕ ಕೃತಿ'ಯ ಒಳಗೆ ಸೇರಿಸಿದೆ, ದಾಖಲಾಗಿರಬೇಕು ಎನ್ನುವ ಷರತ್ತಿನೊಡನೆ. ಆ ಸಾಲನ್ನು ಸುಪ್ರೀಂ ಕೋರ್ಟು ಬಿಡಿಸಿ ಓದಿದ್ದು ನಮ್ಮ ಶಿವರಾಮ ಕಾರಂತರ ಯಕ್ಷಗಾನ ಬ್ಯಾಲೆಯ ಪ್ರಕರಣದಲ್ಲಿ.

ಕಾರಂತರು ಬ್ಯಾಲಂಚೀನ್‌ಗಿಂತ ಒಂದೂಕಾಲು ವರ್ಷ ದೊಡ್ಡವರು. ಯಕ್ಷಗಾನದ ರಾಗ, ತಾಳ, ವೇಷ, ರಂಗವಿನ್ಯಾಸ ಎಲ್ಲದರಲ್ಲೂ ಕೈಯಾಡಿಸಿ 'ಯಕ್ಷರಂಗ' ಎನ್ನುವ ಹೊಸ ರೂಪ ಕಟ್ಟಿದರು. 'ಭೀಷ್ಮ ವಿಜಯ', 'ನಳ ದಮಯಂತಿ', 'ಪಂಚವಟಿ' ಹೀಗೆ ಏಳು ಪ್ರಸಂಗಗಳನ್ನು ಅದಕ್ಕೆ ಹೊಂದಿಸಿದರು. 1994ರ ಜೂನ್ 18ರಂದು ಉಯಿಲು ಬರೆದರು. 1997ರ ಡಿಸೆಂಬರ್ 9ರಂದು ತೀರಿಕೊಂಡರು. ಉಯಿಲಿನ ಪ್ರಕಾರ ಹಕ್ಕು ಹೋಗಿದ್ದು ಬಹುಕಾಲ ಅವರ ಬಳಿ ಕೆಲಸ ಮಾಡಿದ ಮಾಲಿನಿ ಮಲ್ಯ ಅವರಿಗೆ. ಇಲ್ಲೂ ಆಪ್ತ ಸಹಾಯಕಿಯೇ.

2001ರ ಸೆಪ್ಟೆಂಬರ್‌ನಲ್ಲಿ ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ದೆಹಲಿಯಲ್ಲಿ 'ಅಭಿಮನ್ಯು ವಧೆ' ಆಡಿಸಿತು. ಅನುಮತಿ ಕೇಳಿರಲಿಲ್ಲ. ಮಲ್ಯ ಅವರು ಉಡುಪಿಯಲ್ಲಿ ದಾವೆ ಹೂಡಿದರು. ಕಾರಂತರು ನಮ್ಮ ಸಂಸ್ಥೆಯ ನಿರ್ದೇಶಕರಾಗಿ, ನಮ್ಮ ಹಣ ಮತ್ತು ಸೌಕರ್ಯದಲ್ಲಿ ಇದನ್ನು ಬೆಳೆಸಿದರು ಎನ್ನುವುದು ಸಂಸ್ಥೆಯ ವಾದ. ನ್ಯೂಯಾರ್ಕಿನ ಮಂಡಳಿ ಹೂಡಬಹುದಾಗಿದ್ದ, ಹೂಡದೇ ಬಿಟ್ಟ ಅದೇ ವಾದ! ಜಿಲ್ಲಾ ಕೋರ್ಟು, ಹೈಕೋರ್ಟು ಎರಡೂ ಮಲ್ಯ ಅವರ ಪರ ನಿಂತವು. 2009ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೂಡ ಹಕ್ಕನ್ನು ಎತ್ತಿಹಿಡಿಯಿತು. ಬರೆದ ಪಠ್ಯ ಸಾಹಿತ್ಯ ಕೃತಿ, ನೃತ್ಯರೂಪ ನಾಟಕ ಕೃತಿ ಎಂದು ಬಿಡಿಸಿ ಹೇಳಿತು. ತಡೆಯಾಜ್ಞೆಯನ್ನು ಮಾತ್ರ ಸ್ವಲ್ಪ ಸಡಿಲಿಸಿತು: ಶಿಕ್ಷಣ ಸಂಸ್ಥೆಗಳಿಗೆ ಕಾಯಿದೆ ಕೊಟ್ಟಿರುವ ವಿನಾಯಿತಿಯನ್ನು ಬಳಸಿಕೊಳ್ಳಲು ಅಡ್ಡಿಯಿಲ್ಲ.

ಯಕ್ಷಗಾನ ಕರಾವಳಿಯ ಎಲ್ಲರದ್ದು, ಅದರ ಮೇಲೆ ಒಬ್ಬರ ಹಕ್ಕು ಹೇಗೆ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಬ್ಯಾಲೆಯಲ್ಲೂ ಅದೇ ಉತ್ತರ: ಹೆಜ್ಜೆ ಯಾರ ಸ್ವತ್ತೂ ಅಲ್ಲ. ಒಂದು ಕಾಲಿನ ಮೇಲೆ ನಿಂತು ಇನ್ನೊಂದನ್ನು ಹಿಂದಕ್ಕೆ ಚಾಚುವುದನ್ನು ಬ್ಯಾಲಂಚೀನ್ ಹುಟ್ಟಿಸಲಿಲ್ಲ. ಅಂಥ ಹೆಜ್ಜೆಗಳನ್ನು ಜೋಡಿಸಿದ ಕ್ರಮ ಅವರದ್ದು. ಕಾಪಿರೈಟ್ ಇರುವುದು ಜೋಡಣೆಗೆ. ಯಕ್ಷರಂಗದಲ್ಲಿ ಈ ಗೆರೆ ಎಳೆಯುವುದು ಬ್ಯಾಲೆಗಿಂತ ಜಾಸ್ತಿ ಕಷ್ಟ, ಯಾಕೆಂದರೆ ಅಲ್ಲಿ ಪರಂಪರೆಯ ಪಾಲು ದೊಡ್ಡದು.

ತೆತ್ತ ಬೆಲೆ

ಟ್ರಸ್ಟ್ ಇಲ್ಲದಿದ್ದರೆ ಇಷ್ಟು ಬ್ಯಾಲೆಗಳು ಇಷ್ಟು ಅಚ್ಚುಕಟ್ಟಾಗಿ ಉಳಿಯುತ್ತಿರಲಿಲ್ಲ. ಇದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಅಚ್ಚುಕಟ್ಟು ಎನ್ನುವುದು ಬ್ಯಾಲಂಚೀನ್ ಅವರ ಗುಣವಾಗಿರಲಿಲ್ಲ. ಬರಿಶ್ನಿಕೋವ್‌ಗಾಗಿ 'ಅಪೊಲೊ' ಕತ್ತರಿಸಿದ ಮನುಷ್ಯ ಬದುಕಿದ್ದರೆ ಇವತ್ತಿಗೆ ಇನ್ನೆಷ್ಟು ಸಲ ಕತ್ತರಿಸುತ್ತಿದ್ದರೋ! ಕಲಿಸಲು ಹೋದವರು ತಾವು ಕುಣಿದಾಗ ಇದ್ದ ಹೆಜ್ಜೆಯನ್ನೇ ಸರಿ ಎನ್ನುತ್ತಾರೆ. 1958ರಲ್ಲಿ ಕುಣಿದವರದ್ದು ಒಂದು, 1978ರವರದ್ದು ಇನ್ನೊಂದು. ಎರಡೂ ಅವರದ್ದೇ.

ಕಲಾವಿದರ ಮೈ ಮೇಲೆ, ಮನಸ್ಸಿನ ಮೇಲೆ ಅವರಿಗಿದ್ದ ಹಿಡಿತವೂ ಈ ಪರಂಪರೆಯ ಭಾಗವೇ. ತೆಳ್ಳಗಿನ, ಉದ್ದ ಕಾಲಿನ ಹುಡುಗಿಯರೇ ಬೇಕೆನ್ನುವ ರುಚಿ ಅಮೆರಿಕದ ಎಷ್ಟೋ ಶಾಲೆಗಳಿಗೆ ಅಂಟಿಕೊಂಡಿತು. ಅವರ ಕಂಪನಿಯಲ್ಲಿ ಕುಣಿದ ಗೆಲ್ಸಿ ಕರ್ಕ್‌ಲ್ಯಾಂಡ್ 1986ರ ಆತ್ಮಕಥೆಯಲ್ಲಿ ಇದರ ಬಗ್ಗೆ ಕಟುವಾಗಿಯೇ ಬರೆದರು. ಕೆಲವರು ಅದನ್ನು ಒಪ್ಪಿದರು, ಕೆಲವರು ಹರಿಹಾಯ್ದರು. ಉಯಿಲಿನ ಹೆಸರುಗಳನ್ನು ನೋಡುವಾಗ ಇದನ್ನೂ ನೆನಪಿಡಬೇಕು. ಕೊಟ್ಟವರಿಗೂ ಪಡೆದವರಿಗೂ ನಡುವೆ ಇದ್ದದ್ದು ಸಮಾನರ ಸಂಬಂಧವಲ್ಲ.

ಬದಲಾವಣೆಯ ಬಾಗಿಲು ಪೂರ್ತಿ ಮುಚ್ಚಿಲ್ಲ. 'ನಟ್‌ಕ್ರ್ಯಾಕರ್'ನ ಚೀನೀ ಚಹಾದ ತುಣುಕಿನಲ್ಲಿ ಚೀನೀಯರನ್ನು ಅಣಕಿಸುವಂಥ ವೇಷ, ಬೆರಳಿನ ಸನ್ನೆ ಇದ್ದವು. 2017ರಲ್ಲಿ ಕಂಪನಿ ಅವನ್ನು ಬದಲಿಸಿತು. ಟ್ರಸ್ಟ್ ಒಪ್ಪಿಗೆ ಕೊಟ್ಟಿತು. ಇಲ್ಲ ಎಂದಿದ್ದರೆ ಹಳೆಯದೇ ಮುಂದುವರಿಯಬೇಕಿತ್ತು ಅಥವಾ ಆ ತುಣುಕು ನಿಲ್ಲಬೇಕಿತ್ತು.

ಈಗ ಕಲಿಸಲು ಹೊರಡುವವರಲ್ಲಿ ಬ್ಯಾಲಂಚೀನ್ ಅವರನ್ನು ನೋಡದವರೂ ಸೇರುತ್ತಿದ್ದಾರೆ. ಕರ್ಸ್ಟೀನ್ 1996ರಲ್ಲಿ, ಲೆಕ್ಲೆರ್ಕ್ 2000ದ ಕೊನೆಯ ದಿನ, ಅರೋಲ್ಡಿಂಗನ್ 2018ರಲ್ಲಿ ಹೋದರು. ಬ್ಯಾಲೆಗಳ ಕಾಪಿರೈಟಿಗೂ ಕೊನೆಯಿದೆ. ಅಮೆರಿಕದ ಸಾಮಾನ್ಯ ಲೆಕ್ಕ ಕರ್ತೃ ಸತ್ತ ಎಪ್ಪತ್ತು ವರ್ಷ, ಅಂದರೆ 2053ರ ಅಂತ್ಯ. ಭಾರತದಲ್ಲಿ ಅರವತ್ತು ವರ್ಷ. ಕಾರಂತರ ಪ್ರಸಂಗಗಳಿಗೆ ಅದು 2057. ಆಮೇಲೆ ಯಾರು ಬೇಕಾದರೂ 'ಸೆರನೇಡ್' ಆಡಿಸಬಹುದು, ಹದಿನೇಳರ ಬದಲು ಇಪ್ಪತ್ತು ಜನರನ್ನು ನಿಲ್ಲಿಸಬಹುದು. ಬ್ಯಾಲಂಚೀನ್ ಎಂಬ ಹೆಸರನ್ನು ಮಾತ್ರ ಟ್ರಸ್ಟ್ ಟ್ರೇಡ್‌ಮಾರ್ಕ್ ಮಾಡಿಸಿಟ್ಟಿದೆ. ಟ್ರೇಡ್‌ಮಾರ್ಕ್ ಅನ್ನು ಬಳಸುತ್ತಾ, ನವೀಕರಿಸುತ್ತಾ ಹೋದರೆ ಅದಕ್ಕೆ ಕೊನೆಯ ದಿನಾಂಕ ಇಲ್ಲ.